ಮೇಜಿನ ಆ ಬದಿಯಿಂದ: ಓದುಗರ ಪ್ರಶ್ನೆ, ಹಳೆಯ ಮಾಣಿಯ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರಮನೆ ಹೋಟೆಲುಗಳದ್ದೇ ಕಾರುಬಾರು. ದುಡಿಯುವ ಮಕ್ಕಳು ಅಪ್ಪ ಅಮ್ಮನಿಗೆ ‘ಒಂದು ರಾತ್ರಿ ಮಹಾರಾಜರ ಹಾಗೆ ಇದ್ದು ಬನ್ನಿ’ ಎಂದು ಕೋಣೆ ಕಾದಿರಿಸುತ್ತಿದ್ದಾರೆ, ಅಪ್ಪ ಅಮ್ಮ ಗಾಬರಿಯಾಗಿ ನನಗೆ ಬರೆಯುತ್ತಿದ್ದಾರೆ. ಹೊಸ ಓದುಗರಿಗೆ ನನ್ನ ಪರಿಚಯ: ಕುಂದಾಪುರದ ಕಡೆಯವನು. ಹದಿನಾರನೆಯ ವಯಸ್ಸಿಗೆ ಮುಂಬಯಿಯ ಮಾಟುಂಗದಲ್ಲಿ ಮೇಜು ಒರೆಸುವ ಮಾಣಿ. ಕನ್ನಡ ರಾತ್ರಿ ಶಾಲೆಯಲ್ಲಿ ಓದು. ಆಮೇಲೆ ದೊಡ್ಡ ಹೋಟೆಲುಗಳಲ್ಲಿ ಸ್ಟೀವರ್ಡ್, ಕೊನೆಗೆ ಬ್ಯಾಂಕ್ವೆಟ್ ಕ್ಯಾಪ್ಟನ್, ಅಂದರೆ ದೊಡ್ಡ ಔತಣಗಳಲ್ಲಿ ಮಾಣಿಗಳ ಮುಖ್ಯಸ್ಥ. ಈಗ ಮೈಸೂರಿನ ಕುವೆಂಪುನಗರದಲ್ಲಿ ನಿವೃತ್ತ ಜೀವನ. ಮನೆಯಲ್ಲಿ ಬಡಿಸುವವನು ಈಗಲೂ ನಾನೇ.

ನನಗೆ 66, ನಮ್ಮವರಿಗೆ 71. ಮದುವೆಯಾಗಿ 45 ವರ್ಷ ತುಂಬುತ್ತದೆ. ಮೈಸೂರಿನ ಅರಮನೆ ಹೋಟೆಲು ಲಲಿತಮಹಲ್‌ನಲ್ಲಿ ಒಂದು ರಾತ್ರಿ ಉಳಿಯಿರಿ ಎಂದು ಮಗಳ ಒತ್ತಾಯ. ‘ಅಷ್ಟು ದುಡ್ಡು ಕೊಟ್ಟು ಮಲಗುವುದೇಕೆ, ಊಟ ಮಾಡಿ ಬಂದರೆ ಸಾಲದೇ?’ ಎನ್ನುತ್ತಾರೆ ಇವರು. ಏನು ಮಾಡಲಿ?
— ನಿವೃತ್ತ ಶಿಕ್ಷಕಿ, ತಿಪಟೂರು

ಟೀಚರಮ್ಮಾ, ಉಳಿಯಿರಿ. ಊಟಕ್ಕೆ ಹೋದವರು ಊಟ ಮಾಡಿ, ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಸಿಕೊಂಡು, ‘ಅಬ್ಬಾ ಎಷ್ಟು ಎತ್ತರದ ಚಾವಣಿ’ ಎಂದು ಹೊರಬರುತ್ತಾರೆ. ಹಳೆಯ ಕಟ್ಟಡಗಳು ಬಾಯಿ ಬಿಡುವುದು ಬೆಳಗಿನ ಆರರಿಂದ ಎಂಟರ ನಡುವೆ. ಕಾರುಗಳು ಇನ್ನೂ ಬಂದಿರುವುದಿಲ್ಲ, ಒರೆಸಿದ ನೆಲ ಇನ್ನೂ ಆರಿರುವುದಿಲ್ಲ, ಎದುರಿಗೆ ಚಾಮುಂಡಿ ಬೆಟ್ಟ. ಆ ಎರಡು ಗಂಟೆಗಾಗಿಯೇ ಒಂದು ರಾತ್ರಿಯ ಬಾಡಿಗೆ ಕೊಡಬಹುದು ಎಂಬುದು ನನ್ನ ಲೆಕ್ಕ. ನಿಮ್ಮ ಯಜಮಾನರ ಲೆಕ್ಕ ಬೇರೆ ಇರಬಹುದು.

ಆ ಮನೆ ಎದ್ದದ್ದೇ ಅಡುಗೆಮನೆಯ ಮಡಿಯಿಂದ ಎಂದು ಮೈಸೂರಿನ ಹಳಬರು ಹೇಳುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಅತಿಥಿಗಳಾಗಿ ಬರುವ ಯುರೋಪಿಯನ್ನರಿಗೆ ಮಾಂಸದೂಟ ಬೇಕು, ಅರಮನೆಯಲ್ಲಿ ಅದು ಸಲ್ಲದು. ಹಾಗಾಗಿ ಊರಾಚೆ ಬೆಟ್ಟದ ಬುಡದಲ್ಲಿ ಬೇರೊಂದು ಅರಮನೆಯೇ ಎದ್ದಿತು. 1921ರಲ್ಲಿ ಅಡಿಗಲ್ಲು, ಮುಂಬಯಿಯ ಇ. ಡಬ್ಲ್ಯು. ಫ್ರಿಚ್ಲಿ ಎಂಬುವರ ವಿನ್ಯಾಸ, ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ನೆನಪಿಸುವ ಗುಮ್ಮಟ. ಮುಖ್ಯವಾಗಿ ವೈಸರಾಯ್‌ಗಾಗಿ ಕಟ್ಟಿದ್ದು. ನೀವು ಊಟಕ್ಕೆ ಕೂರುವ ಸಭಾಂಗಣ ಆಗ ಜೋಡಿ ನೃತ್ಯದ ಅಂಗಳವಾಗಿತ್ತು. ತಲೆಯೆತ್ತಿದರೆ ಬಣ್ಣದ ಗಾಜಿನ ಗುಮ್ಮಟ ಕಾಣುತ್ತದೆ. 1974ರಲ್ಲಿ ಅದು ಹೋಟೆಲಾಯಿತು. ವೈಸರಾಯ್‌ಗಾಗಿ ಕಟ್ಟಿದ ಮನೆಯಲ್ಲಿ ಈಗ ತಿಪಟೂರಿನ ಟೀಚರು ಕೊಬ್ಬರಿ ಚಟ್ನಿ ಕೇಳಬಹುದು. ಕೇಳಿ. ನಿಮ್ಮೂರಿನ ಕೊಬ್ಬರಿಯ ಮುಂದೆ ಅದು ಸಪ್ಪೆ ಎನಿಸಿದರೆ ಅದನ್ನೂ ಹೇಳಿ.

ಇನ್ನು ವ್ಯವಹಾರದ ಮಾತು. ಯಾವುದೇ ಹಳೆಯ ಹೋಟೆಲಿರಲಿ, ಕಾದಿರಿಸುವಾಗ ‘ಕೋಣೆ ಮೂಲ ಕಟ್ಟಡದಲ್ಲಿದೆಯೋ, ಆಮೇಲೆ ಸೇರಿಸಿದ ಭಾಗದಲ್ಲಿದೆಯೋ’ ಎಂದು ಬಾಯಿಬಿಟ್ಟು ಕೇಳಬೇಕು. ಹೆಸರಿಗೆ ಅರಮನೆ, ಮಲಗುವುದು ಹಿಂದಿನ ಹೊಸ ಕಾಂಕ್ರೀಟಿನಲ್ಲಿ ಎಂದಾದರೆ ಹೊಟ್ಟೆ ಉರಿಯುತ್ತದೆ. ಸರ್ಕಾರದ ‘ಹೆರಿಟೇಜ್ ಹೋಟೆಲ್’ ಪಟ್ಟಕ್ಕೆ ಕಟ್ಟಡ 1950ಕ್ಕಿಂತ ಹಿಂದಿನದಾಗಿರಬೇಕು. ಹೆರಿಟೇಜ್ ಎಂದು ಬೋರ್ಡು ಬರೆಸಿಕೊಳ್ಳುವುದಕ್ಕೆ ಪೇಂಟರ್ ಒಬ್ಬ ಸಾಕು. ಹಳೆಯ ಕೋಣೆಗೆ ಹಳೆಯ ಕಾಯಿಲೆಗಳೂ ಇರುತ್ತವೆ: ಕೊಳವೆ ಉದ್ದವಾದ್ದರಿಂದ ಬಿಸಿನೀರು ನಿಧಾನವಾಗಿ ಬರುತ್ತದೆ, ಚಾವಣಿ ಎತ್ತರವಾದ್ದರಿಂದ ಕೋಣೆ ಬೇಗ ತಂಪಾಗುವುದಿಲ್ಲ, ಮರದ ನೆಲ ನಡೆದರೆ ಕಿರ್ ಎನ್ನುತ್ತದೆ. ಎಲ್ಲಕ್ಕಿಂತ ಮುಖ್ಯ, ಬಚ್ಚಲು. ಎತ್ತರದ ಅಂಚಿನ ತೊಟ್ಟಿಯೊಳಗೆ ಕಾಲೆತ್ತಿ ಇಳಿದು ಸ್ನಾನ ಮಾಡುವುದು 71ಕ್ಕೆ ಅಪಾಯ. ಹಿಡಿಕೆ ಇರುವ, ನೆಲದ ಮೇಲೆ ನಿಂತು ಸ್ನಾನ ಮಾಡುವ ಬಚ್ಚಲಿರುವ ಕೋಣೆ ಕೊಡಿ ಎಂದು ಮಗಳಿಂದ ಫೋನು ಮಾಡಿಸಿ. ಒಂದು ಪ್ಲಾಸ್ಟಿಕ್ ಸ್ಟೂಲು, ಚೊಂಬು ಕೇಳಿದರೂ ತಂದುಕೊಡುತ್ತಾರೆ. ನಾನೇ ಎಷ್ಟೋ ಸಲ ಕಳಿಸಿಕೊಟ್ಟಿದ್ದೇನೆ.

ಕೋಣೆಯ ದಿನದ ಬಾಡಿಗೆ 7,500 ರೂಪಾಯಿ ಮೀರಿದರೆ ಶೇ. 18 ಜಿಎಸ್‌ಟಿ ಸೇರುತ್ತದೆ. ಮಗಳು ಹೇಳಿದ ಮೊತ್ತ ತೆರಿಗೆ ಸೇರಿಸಿಯೋ ಬಿಟ್ಟೋ ಎಂದು ವಿಚಾರಿಸಿ. ದಸರಾ ಸಮಯದಲ್ಲಿ ಮಾತ್ರ ಹೋಗಬೇಡಿ. ದರವೂ ಏರಿರುತ್ತದೆ, ಮಾಣಿಗಳಿಗೆ ಉಸಿರಾಡಲು ಪುರುಸೊತ್ತೂ ಇರುವುದಿಲ್ಲ.

ಮುಂಬಯಿಯ ತಾಜ್ ಹೋಟೆಲನ್ನು ತಪ್ಪಾಗಿ ಹಿಂದುಮುಂದಾಗಿ ಕಟ್ಟಿದರು, ಅದನ್ನು ನೋಡಿದ ವಾಸ್ತುಶಿಲ್ಪಿ ಪ್ರಾಣ ಕಳೆದುಕೊಂಡ ಎಂದು ನಮ್ಮ ಟೂರ್ ಗೈಡ್ ಹೇಳಿದ. ನಿಜವೇ? ಜಮ್‌ಶೆಟ್ಜಿ ಟಾಟಾರನ್ನು ಬಿಳಿಯರ ಹೋಟೆಲಿನಿಂದ ಹೊರಗಟ್ಟಿದ ಸೇಡಿಗೆ ಅದನ್ನು ಕಟ್ಟಿದರಂತೆ?
— ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಗೈಡ್ ಪಾಪ, ಹೊಟ್ಟೆಪಾಡಿಗೆ ಹೇಳಿದ್ದಾನೆ ತಮ್ಮಾ. ಹಿಂದುಮುಂದಿನ ಕಥೆ ಸುಳ್ಳು. ಮೂಲ ವಿನ್ಯಾಸ ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ ಅವರದು. ಕೆಲಸ ಮುಗಿಯುವ ಮೊದಲೇ ವೈದ್ಯರು ತೀರಿಕೊಂಡರು, ಡಬ್ಲ್ಯು. ಎ. ಚೇಂಬರ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ ಅದನ್ನು ಪೂರ್ತಿಗೊಳಿಸಿದರು. ಒಬ್ಬರು ಸತ್ತದ್ದು ನಿಜವಾದ್ದರಿಂದ ಕಥೆಗೆ ರೆಕ್ಕೆ ಬಂದಿರಬೇಕು. ಮೊದಲಿನ ಪ್ರವೇಶದ್ವಾರ ಇದ್ದದ್ದು ಊರಿನ ಕಡೆಗೆ, ಈಗ ಈಜುಕೊಳ ಇರುವಲ್ಲಿ. ಕುದುರೆಗಾಡಿಗಳು ಬರುವುದು ಊರಿನಿಂದ, ಬಾಗಿಲು ಅಲ್ಲಿ. ಗಾಳಿ ಬರುವುದು ಸಮುದ್ರದಿಂದ, ಕೋಣೆಗಳು ಇಲ್ಲಿ. ಇದರಲ್ಲಿ ತಪ್ಪೇನಿದೆ? ನಮ್ಮ ಕರಾವಳಿಯಲ್ಲಿ ಮನೆ ಕಟ್ಟುವ ಯಾವ ಮೇಸ್ತ್ರಿಯೂ ಒಪ್ಪುವ ಲೆಕ್ಕ.

ನಾವು ಇವತ್ತು ಗೇಟ್‌ವೇ ಕಡೆಯಿಂದ ನೋಡುತ್ತೇವೆ, ಅದಕ್ಕೇ ಈ ಗೊಂದಲ. ಹೋಟೆಲು ತೆರೆದದ್ದು 1903ರ ಡಿಸೆಂಬರ್ 16ರಂದು. ಗೇಟ್‌ವೇ ಆಫ್ ಇಂಡಿಯಾ ಪೂರ್ತಿಯಾದದ್ದು 1924ರಲ್ಲಿ. ಇಪ್ಪತ್ತು ವರ್ಷ ಹಿರಿಯ ಹೋಟೆಲನ್ನು ಆಮೇಲೆ ಬಂದ ಕಮಾನಿನ ಎದುರು ನಿಲ್ಲಿಸಿ ‘ನೀನು ತಿರುಗಿ ನಿಂತಿದ್ದೀಯ’ ಎನ್ನುವುದು ಅನ್ಯಾಯ. ಜಮ್‌ಶೆಟ್ಜಿಯವರು ಅದರ ವೈಭವ ನೋಡಿದ್ದು ಕೆಲವೇ ತಿಂಗಳು. 1904ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ತೀರಿಕೊಂಡರು.

ಸೇಡಿನ ಕಥೆಗೆ ಗಟ್ಟಿ ದಾಖಲೆಯಿಲ್ಲ. ವಾಟ್ಸನ್ಸ್ ಎಂಬ ಆ ಹೋಟೆಲು ಮಾತ್ರ ನಿಜ. ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಲ್ಲಿ ತಯಾರಿಸಿ, ಹಡಗಿನಲ್ಲಿ ತಂದು ಜೋಡಿಸಿದ ಕಟ್ಟಡ. ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು 1896ರ ಜುಲೈ 7ರಂದು ಭಾರತದಲ್ಲಿ ಮೊದಲು ತೋರಿಸಿದ್ದು ಅಲ್ಲೇ. ಈಗ ಅದು ಹೋಟೆಲಾಗಿ ಉಳಿದಿಲ್ಲ. ಕಾಲಾಘೋಡಾದಲ್ಲಿ ಎಸ್‌ಪ್ಲನೇಡ್ ಮ್ಯಾನ್ಷನ್ ಎಂಬ ಹೆಸರಿನಲ್ಲಿದೆ. ಮುಂದಿನ ಸಲ ಹೋದಾಗ ತಾಜ್‌ನಿಂದ ನಡೆದೇ ಹೋಗಿ ನೋಡು, ಗೈಡ್ ಬೇಡ.

ದೊಡ್ಡ ಹೋಟೆಲಿನಲ್ಲಿ ‘ಹೈ ಟೀ’ ಎಂದರೇನು? ಕಾಫಿ ಕೇಳಬಹುದೇ?
— ಕಾಫಿ ಬೆಳೆಗಾರ, ಚಿಕ್ಕಮಗಳೂರು

ಬೇಕಾದರೆ ಕಾಫಿ ಕೇಳಿ, ಕೊಡುತ್ತಾರೆ. ನೀವೇ ಬೆಳೆದದ್ದು ಮೂರು ಪಟ್ಟು ಅಲಂಕಾರದೊಂದಿಗೆ ವಾಪಸು ಬರುತ್ತದೆ. ಇಂಗ್ಲೆಂಡಿನಲ್ಲಿ ಹೈ ಟೀ ಎಂದರೆ ದುಡಿದು ಬಂದವರು ಸಂಜೆ ಊಟದ ಮೇಜಿನಲ್ಲೇ ಕೂತು ಮಾಂಸ, ಬ್ರೆಡ್ಡು ತಿಂದು ಹೊಟ್ಟೆ ತುಂಬಿಸಿಕೊಳ್ಳುವುದು. ಶ್ರೀಮಂತರದು ‘ಆಫ್ಟರ್‌ನೂನ್ ಟೀ’. ಅದನ್ನು 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಶುರುಮಾಡಿದರಂತೆ. ನಮ್ಮ ದೊಡ್ಡ ಹೋಟೆಲುಗಳು ಶ್ರೀಮಂತರ ತಿಂಡಿಗೆ ಕಾರ್ಮಿಕರ ಹೆಸರಿಟ್ಟು ಮಾರುತ್ತಿವೆ. ಮೂರಂತಸ್ತಿನ ತಟ್ಟೆ ಬಂದರೆ ಕೆಳಗಿನಿಂದ ಮೇಲಕ್ಕೆ ತಿನ್ನಿ: ಸ್ಯಾಂಡ್‌ವಿಚ್, ಸ್ಕೋನ್ ಎಂಬ ಪುಟ್ಟ ಬನ್ನು, ಕೊನೆಗೆ ಸಿಹಿ. ತಾಜ್‌ನ ಸೀ ಲೌಂಜಿನಲ್ಲಿ ಇದರ ಜೊತೆ ಭೇಲ್‌ಪುರಿಯೂ ಸಿಗುತ್ತದೆ. ನಾನಾದರೆ ಅಲ್ಲಿಂದಲೇ ಶುರುಮಾಡುತ್ತೇನೆ.

ನಾವು ಈರುಳ್ಳಿ, ಬೆಳ್ಳುಳ್ಳಿ ತಿನ್ನುವವರಲ್ಲ. ರಾಜಸ್ಥಾನದ ಅರಮನೆ ಹೋಟೆಲುಗಳಿಗೆ ಹೋಗುವ ಆಸೆ. ಹಣ್ಣು ತಿಂದುಕೊಂಡೇ ಇರಬೇಕೇ?
— ಗೃಹಿಣಿ, ಉಡುಪಿ

ಬೇಡ ಅಕ್ಕಾ. ಉದಯಪುರ, ಜೋಧಪುರದ ಅಡುಗೆಮನೆಗಳಿಗೆ ‘ಜೈನ್’ ಎಂಬ ಒಂದು ಶಬ್ದ ಸಾಕು. ಆದರೆ ಆ ಶಬ್ದ ಬಳಸುವ ಮುಂಚೆ ಯೋಚಿಸಿ. ಜೈನ್ ಎಂದರೆ ಆಲೂಗಡ್ಡೆಯೂ ಇಲ್ಲ, ಕ್ಯಾರೆಟ್ಟೂ ಇಲ್ಲ, ಹಸಿಶುಂಠಿಯೂ ಇಲ್ಲ. ನೆಲದೊಳಗೆ ಬೆಳೆಯುವ ಗಡ್ಡೆ ಯಾವುದೂ ಇಲ್ಲ. ಉಡುಪಿಯ ಕುಟುಂಬವೊಂದು ಜೈನ್ ಎಂದು ಬರೆಸಿ, ಮೂರು ದಿನ ಆಲೂಗಡ್ಡೆಯ ಮುಖ ಕಾಣದೆ ಕಡೆಗೆ ನನ್ನ ಹತ್ತಿರ ಕುಂದಾಪುರ ಕನ್ನಡದಲ್ಲಿ ಗೋಳು ತೋಡಿಕೊಂಡದ್ದಿದೆ. ‘ಈರುಳ್ಳಿ, ಬೆಳ್ಳುಳ್ಳಿ ಬೇಡ, ಉಳಿದ ಗಡ್ಡೆ ಆಗಬಹುದು’ ಎಂದು ಬಿಡಿಸಿ ಹೇಳಿ. ಹಿಂದಿನ ದಿನವೇ ಹೇಳಿ, ಏಕೆಂದರೆ ದೊಡ್ಡ ಅಡುಗೆಮನೆಯಲ್ಲಿ ಗ್ರೇವಿಗಳ ತಳ ಬೆಳಿಗ್ಗೆಯೇ ತಯಾರಾಗಿರುತ್ತದೆ, ಈರುಳ್ಳಿ ಸಮೇತ. ಮಧ್ಯಾಹ್ನ ಒಂದಕ್ಕೆ ಹೇಳಿದರೆ ನಿಮಗೆ ಸಿಗುವುದು ಜೀರಿಗೆ ಅನ್ನ, ಹಳದಿ ದಾಲ್, ಮುಗುಳ್ನಗೆ.

ಮೋಸಹೋಗುವುದು ಊಟದಲ್ಲಿ ಕಡಿಮೆ, ಸೂಪು ಮತ್ತು ಸಿಹಿಯಲ್ಲಿ ಹೆಚ್ಚು. ತರಕಾರಿ ಸೂಪಿಗೆ ಯಾವ ಸಾರು ಹಾಕಿದ್ದೀರಿ ಎಂದು ಕೇಳಿ. ಮೌಸ್, ಪನ್ನಾಕೋಟಾ, ನಡುಗುವ ಕೇಕುಗಳಲ್ಲಿ ಜೆಲಟಿನ್ ಇರಬಹುದು, ಅದು ಪ್ರಾಣಿಯದು. ವುಸ್ಟರ್ ಸಾಸಿನಲ್ಲಿ ಮೀನಿರುತ್ತದೆ. ಅಸಲಿ ಪಾರ್ಮೆಸಾನ್ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬೇಕು. ಹೊಸ ಸ್ಟೀವರ್ಡುಗಳಿಗೆ ಇದು ಗೊತ್ತಿರುವುದಿಲ್ಲ, ಆದರೂ ಧೈರ್ಯವಾಗಿ ‘ಪ್ಯೂರ್ ವೆಜ್ ಮೇಡಂ’ ಎಂದುಬಿಡುತ್ತಾರೆ. ಶೆಫ್ ಅವರನ್ನೇ ಮೇಜಿಗೆ ಕರೆಸಿ ಕೇಳಿ. ಬರುತ್ತಾರೆ, ಖುಷಿಯಿಂದಲೇ ಬರುತ್ತಾರೆ. ದಿನವಿಡೀ ಒಲೆಯ ಮುಂದೆ ನಿಂತವನಿಗೆ ಹೊರಗೆ ಬರಲು ಒಂದು ನೆಪ ಬೇಕಾಗಿರುತ್ತದೆ.

ನಮ್ಮಜ್ಜ ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ಗುಮಾಸ್ತರಾಗಿದ್ದರು. ಫಲಕ್‌ನುಮಾ ಅರಮನೆಯನ್ನು ಬೆಟ್ಟದ ಕೆಳಗಿನಿಂದಷ್ಟೇ ನೋಡಿದ್ದರಂತೆ. ಅಲ್ಲಿನ 101 ಜನ ಕೂರುವ ಮೇಜಿನ ಕಥೆ ಕೇಳಿದ್ದೇನೆ. ಒಂದು ಊಟಕ್ಕಾಗಿ ಹೋಗಬಹುದೇ?
— ಬ್ಯಾಂಕ್ ನೌಕರ, ಕಲಬುರಗಿ

ಹೋಗಿ ಸ್ವಾಮೀ, ಅಜ್ಜನ ಪರವಾಗಿಯೂ ಒಂದು ತುತ್ತು ಉಂಡು ಬನ್ನಿ. ನಿಮ್ಮ ಜಿಲ್ಲೆಯೂ ಆಗ ಅದೇ ಸಂಸ್ಥಾನಕ್ಕೆ ಸೇರಿತ್ತು ತಾನೇ. ಅರಮನೆ ಕಟ್ಟಲು ಶುರುಮಾಡಿದ್ದು 1884ರಲ್ಲಿ, ಕಟ್ಟಿಸಿದವರು ಸಂಸ್ಥಾನದ ದಿವಾನರಾಗಿದ್ದ ವಿಕಾರ್ ಉಲ್ ಉಮ್ರಾ. ಆಮೇಲೆ ಅದು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕೈ ಸೇರಿತು. ಬಹುಕಾಲ ಬೀಗ ಹಾಕಿದ್ದ ಮನೆ 2010ರಲ್ಲಿ ಹೋಟೆಲಾಗಿ ತೆರೆಯಿತು.

ಆ ಮೇಜಿನ ಮುಂದೆ ನಾನು ನಿಂತದ್ದು ನಿವೃತ್ತಿಯ ನಂತರ, ಅತಿಥಿಯಾಗಿ. ಎಲ್ಲರೂ ದೀಪ, ಕುರ್ಚಿ ನೋಡುತ್ತಿದ್ದರೆ ನನ್ನ ತಲೆಯಲ್ಲಿ ಗುಣಾಕಾರ ಓಡುತ್ತಿತ್ತು. ಉದ್ದ ಸುಮಾರು 108 ಅಡಿ. ಎರಡು ಬದಿಗೆ ಹಂಚಿದರೆ ಒಬ್ಬೊಬ್ಬರಿಗೆ ಎರಡು ಅಡಿಗಿಂತ ತುಸು ಹೆಚ್ಚು ಜಾಗ. ಬ್ಯಾಂಕ್ವೆಟ್ ಕೆಲಸದಲ್ಲಿ ನಮಗೆ ಕಲಿಸಿದ್ದೂ ಅದೇ: ತಲೆಗೆ 24 ಇಂಚು. ಅದಕ್ಕಿಂತ ಕಡಿಮೆಯಾದರೆ ಮೊಣಕೈ ತಾಗುತ್ತದೆ, ಹೆಚ್ಚಾದರೆ ಮಾತು ನಿಲ್ಲುತ್ತದೆ. ಉದ್ದ ಮೇಜು ಹಾಕುವಾಗ ನಾವು ಈ ತುದಿಯಿಂದ ಆ ತುದಿಗೆ ದಾರ ಎಳೆದು ಗ್ಲಾಸುಗಳನ್ನು ಅದರ ಗುಂಟ ಇಡುತ್ತಿದ್ದೆವು. ಚಾಕು, ಮುಳ್ಳುಚಮಚದ ಹಿಡಿ ಮೇಜಿನ ಅಂಚಿನಿಂದ ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಒಳಗೆ. ಅಳತೆಪಟ್ಟಿ ಬೇಡ, ಹೆಬ್ಬೆರಳು ಸಾಕು. ಆದರೆ ಒಂದು ಮೇಜಿಗೆ ಒಬ್ಬನದೇ ಹೆಬ್ಬೆರಳು! ಇಬ್ಬರು ಸೇರಿಕೊಂಡರೆ ಸಾಲು ಹಾವಿನಂತೆ ಕೊಂಕುತ್ತದೆ. ಹತ್ತು ಜನಕ್ಕೊಬ್ಬ ಮಾಣಿ, ಎಲ್ಲರ ಕಣ್ಣೂ ಕ್ಯಾಪ್ಟನ್ನಿನ ಮೇಲೆ. ಅವನು ಗಲ್ಲವನ್ನು ಅರ್ಧ ಇಂಚು ಇಳಿಸಿದರೆ ಎಲ್ಲ ತಟ್ಟೆಗಳೂ ಒಮ್ಮೆಲೇ ಇಳಿಯಬೇಕು. ಇಪ್ಪತ್ತು ವರ್ಷ ಆ ಅರ್ಧ ಇಂಚು ಇಳಿಸಿ ನನ್ನ ಕುತ್ತಿಗೆಗೆ ಅದೇ ಅಭ್ಯಾಸವಾಗಿದೆ. ಮನೆಯಲ್ಲಿ ನನ್ನಾಕೆ ‘ಯಾರಿಗೆ ಬಡಿಸಲು ಹೇಳುತ್ತಿದ್ದೀರಿ?’ ಎನ್ನುತ್ತಾಳೆ.

ಆ ದೊಡ್ಡ ಮೇಜಿನಲ್ಲಿ ಒಬ್ಬಿಬ್ಬರಿಗೆ ದಿನನಿತ್ಯದ ಊಟ ಹಾಕುವುದಿಲ್ಲ, ಅದು ದೊಡ್ಡ ಔತಣಗಳಿಗೆ. 2017ರಲ್ಲಿ ಪ್ರಧಾನಿಯವರು ಇವಾಂಕಾ ಟ್ರಂಪ್ ಮತ್ತಿತರರಿಗೆ ಅಲ್ಲೇ ಊಟ ಹಾಕಿಸಿದ್ದರು. ನೀವು ‘ಅದಾ’ ಎಂಬ ಹೈದರಾಬಾದಿ ಊಟದ ಮನೆಯಲ್ಲಿ ಮೇಜು ಕಾದಿರಿಸಿ. ಕಾದಿರಿಸದೆ ಹೋದರೆ ಗೇಟಿನಲ್ಲೇ ನಿಲ್ಲಬೇಕಾಗುತ್ತದೆ, ಅಜ್ಜ ನಿಂತ ಜಾಗದಲ್ಲಿ. ಬಗಾರಾ ಬೈಂಗನ್ ತಪ್ಪದೆ ತರಿಸಿ. ಶೇಂಗಾ, ಎಳ್ಳು, ಹುಣಸೆಹುಳಿ, ಇಡೀ ಬದನೆಕಾಯಿ. ಮೊದಲ ತುತ್ತಿಗೇ ನಿಮಗೆ ಮನೆಯ ಎಣ್ಣೆಗಾಯಿ ನೆನಪಾಗದಿದ್ದರೆ ನನಗೆ ಬರೆಯಿರಿ. ಜೋಳದ ರೊಟ್ಟಿ ಕೇಳಬೇಕೆನಿಸುತ್ತದೆ. ನಾನು ಕೇಳಿದೆ, ಇರಲಿಲ್ಲ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಶೇ. 10 ಎಂದು ಮೊದಲೇ ಹಾಕಿದ್ದರು. ತೆಗೆಯಿರಿ ಎಂದರೆ ಅವಮಾನವೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಅವಮಾನ ಏಕೆ? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ: ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿಯೂ ಕೂಡದು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಶಾಂತವಾಗಿ ‘ಇದನ್ನು ತೆಗೆದು ಬಿಲ್ ಕೊಡಿ’ ಎನ್ನಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಜಿಎಸ್‌ಟಿ ಬೇರೆ, ಅದನ್ನು ಕೊಡಲೇಬೇಕು. ಆದರೆ ಶೇ. 10 ಉಳಿಸಿದೆ ಎಂದು ಅಷ್ಟನ್ನೂ ಜೇಬಿಗೆ ಹಾಕಿಕೊಂಡು ಎದ್ದು ಹೋಗಬೇಡಿ. ಸ್ವಲ್ಪ ನಗದು ಬಡಿಸಿದವನ ಕೈಗೇ ಕೊಡಿ, ಬಿಲ್ಲಿನ ಫೋಲ್ಡರಿನಲ್ಲಿಟ್ಟರೆ ಅದು ಎಲ್ಲೆಲ್ಲೋ ಸುತ್ತಿ ಬರುತ್ತದೆ. ಕೋಣೆ ಗುಡಿಸುವವರನ್ನು ಎಲ್ಲರೂ ಮರೆಯುತ್ತಾರೆ. ಅವರಿಗೆ ದಿಂಬಿನ ಮೇಲೆ ಇಡಿ, ಮೇಜಿನ ಮೇಲಿಟ್ಟರೆ ನೀವು ಮರೆತು ಹೋದ ಹಣವೆಂದುಕೊಂಡು ಅವರು ಮುಟ್ಟುವುದಿಲ್ಲ.

ಉಡುಪಿ ಹೋಟೆಲು ಬಿಟ್ಟರೆ ನಮ್ಮವರು ದೊಡ್ಡ ಹೋಟೆಲುಗಳನ್ನು ಕಟ್ಟಲೇ ಇಲ್ಲವೇ?
— ಓದುಗರು, ಸಾಗರ

ಚೆನ್ನೈ ನೆನಪಿಸಿಕೊಳ್ಳಿ. ನಮ್ಮ ಕರಾವಳಿಯ ಕಡಂದಲೆಯ ಕೆ. ಕೃಷ್ಣರಾಯರು ಅಡುಗೆಮನೆಯ ರುಬ್ಬುಗುಂಡಿನಿಂದ ಬದುಕು ಶುರುಮಾಡಿದವರು. ಮದ್ರಾಸಿನ ಮೌಂಟ್ ರಸ್ತೆಯಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ನಡೆಸಿದರು. 1930ರ ದಶಕದ ಕೊನೆಯಲ್ಲಿ ರಾಯಪೇಟೆಯ ದೊಡ್ಡ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ವುಡ್‌ಲ್ಯಾಂಡ್ಸ್ ತೆರೆದರು. ರಾಮನಾಡಿನ ರಾಜಮನೆತನದ ಮನೆ ಅದು. ಅರಮನೆಗಳು ಹೋಟೆಲಾಗುವ ಗಾಳಿ ರಾಜಸ್ಥಾನದಲ್ಲಿ ಬೀಸುವುದಕ್ಕೆ ಎಷ್ಟೋ ಮೊದಲು ನಮ್ಮ ರಾಯರು ರಾಜರ ಮನೆಯಲ್ಲಿ ಇಡ್ಲಿ ಬೇಯಿಸುತ್ತಿದ್ದರು. 1962ರಲ್ಲಿ ಶುರುವಾದ ಅದೇ ವುಡ್‌ಲ್ಯಾಂಡ್ಸಿನ ಡ್ರೈವ್‌ಇನ್ 2008ರಲ್ಲಿ ಮುಚ್ಚಿತು. ಕಾರಿನಲ್ಲೇ ಕೂತು ದೋಸೆ ತಿಂದ ಚೆನ್ನೈನ ಹಿರಿಯರು ಈಗಲೂ ಅದರ ಬಗ್ಗೆ ಹೇಳುತ್ತಾ ಕಣ್ಣೊರೆಸಿಕೊಳ್ಳುತ್ತಾರೆ. ಮೈಸೂರಿನಿಂದ ಹೊರಟ ಸೀತಾರಾಮರಾಯರ ದಾಸಪ್ರಕಾಶವೂ 1950ರ ದಶಕದಲ್ಲಿ ಚೆನ್ನೈನ ಪೂನಮಲ್ಲಿ ಹೈರೋಡಿನಲ್ಲಿ ದೊಡ್ಡದಾಗಿಯೇ ಎದ್ದಿತ್ತು. ಹೊಗೆಯಿಲ್ಲ, ಹೆಂಡವಿಲ್ಲ, ಮಾಂಸವಿಲ್ಲ, ಆದರೂ ಆಗ ಕೋಣೆ ಸಿಗುವುದು ಕಷ್ಟವಾಗಿತ್ತು.

ಆಫೀಸಿನ ಔತಣಕ್ಕೆ ಪಂಚತಾರಾ ಹೋಟೆಲಿಗೆ ಹೋಗಿದ್ದೆವು. ನಾನು ಕೈಯಲ್ಲಿ ತಿಂದೆ. ಸಹೋದ್ಯೋಗಿಗಳು ನಕ್ಕರು. ಮುಂದಿನ ತಿಂಗಳು ಮತ್ತೆ ಇದೆ. ಚಾಕು, ಮುಳ್ಳುಚಮಚ ಕಲಿಯುವುದು ಹೇಗೆ?
— ಯುವತಿ, ಮಂಡ್ಯ

ಕಲಿಯಬೇಕೆನಿಸಿದರೆ ಕಲಿ ಮಗಳೇ, ಅದು ಎರಡು ಸಂಜೆಯ ಕೆಲಸ. ನಾನು ಕಲಿತದ್ದು ಹೇಳುತ್ತೇನೆ. ದೊಡ್ಡ ಹೋಟೆಲಿಗೆ ಸೇರಿದ ಹೊಸದರಲ್ಲಿ ‘ಸಿಲ್ವರ್ ಸರ್ವಿಸ್’ ಮಾಡಬೇಕಿತ್ತು. ಒಂದೇ ಕೈಯಲ್ಲಿ ಚಮಚ ಕೆಳಗೆ, ಮುಳ್ಳುಚಮಚ ಮೇಲೆ, ನಡುವೆ ತೋರುಬೆರಳು. ಇಕ್ಕಳದ ಹಾಗೆ ಹಿಡಿದು ಅತಿಥಿಯ ಎಡಗಡೆಯಿಂದ ಬಡಿಸುವುದು. ನನ್ನ ಮೊದಲ ದಿನ ಬಟಾಣಿ ಕಾಳುಗಳು ಒಬ್ಬ ಹೆಂಗಸಿನ ಮಡಿಲಿಗೂ, ಒಬ್ಬ ಗಂಡಸಿನ ಬೂಟಿಗೂ ಸಮನಾಗಿ ಹಂಚಿಕೆಯಾದವು. ಆ ರಾತ್ರಿ ಖೋಲಿಯಲ್ಲಿ ಆರು ಜನ ರೂಮಿನವರು ಮಲಗಿದ ಮೇಲೆ, ಬೀದಿದೀಪದ ಬೆಳಕಿನಲ್ಲಿ, ಹುರಿಗಡಲೆಯನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಎತ್ತಿ ಹಾಕುತ್ತಾ ಕೂತೆ. ಕಡಲೆ ಪಳಗಿದ ಮೇಲೆ ಇಡ್ಲಿ. ಇಡ್ಲಿ ಮುರಿಯದೆ ಎತ್ತಲು ಬಂದರೆ ಆಮ್ಲೆಟ್ ಏನು, ಮೀನೂ ಬರುತ್ತದೆ. ನೀನು ಬಡಿಸಬೇಕಾಗಿಲ್ಲ, ತಿನ್ನಬೇಕಷ್ಟೆ. ಮನೆಯಲ್ಲಿ ಉಪ್ಪಿಟ್ಟನ್ನು ಮುಳ್ಳುಚಮಚದಲ್ಲಿ, ದೋಸೆಯನ್ನು ಚಾಕುವಿನಲ್ಲಿ ಎರಡು ದಿನ ತಿನ್ನು. ಅಮ್ಮ ಬೈದರೆ ನನ್ನ ಹೆಸರು ಹೇಳು. ಹೊರಗಿನ ಸಾಲಿನ ಚಮಚದಿಂದ ಒಳಗಿನ ಸಾಲಿಗೆ ಬರುವುದು, ಮುಗಿದಾಗ ಎರಡನ್ನೂ ತಟ್ಟೆಯಲ್ಲಿ ಜೊತೆಯಾಗಿ ಮಲಗಿಸುವುದು. ಪಾಠ ಇಷ್ಟೇ.

ರೊಟ್ಟಿ, ಬಿರಿಯಾನಿ ಬಂದರೆ ಮಾತ್ರ ಕೈಯಲ್ಲೇ ತಿನ್ನು. ನಕ್ಕವರ ಕಡೆ ನೋಡಬೇಡ. ಬಡಿಸುವ ಹುಡುಗನ ಕಡೆ ನೋಡಿ ಫಿಂಗರ್ ಬೌಲ್ ಬೇಕೆಂದು ಹೇಳು. ಉಗುರುಬೆಚ್ಚಗಿನ ನೀರು, ಒಂದು ನಿಂಬೆ ಹೋಳು ಬರುತ್ತದೆ. ಹೋಳನ್ನು ಬೆರಳುಗಳಿಗೆ ಉಜ್ಜಿ, ತುದಿಗಳನ್ನಷ್ಟೇ ಅದ್ದಿ, ತೊಡೆಯ ಮೇಲಿನ ಬಟ್ಟೆಗೆ ಒರೆಸಿಕೋ. ಆ ಹುಡುಗ ನಮ್ಮ ಕಡೆಯವನಾಗಿದ್ದರೆ ಎರಡನೆಯ ಸಲ ಕೇಳದೆಯೇ ಅನ್ನ ತಂದು ಹಾಕುತ್ತಾನೆ.